ಮೂರನೆಯ ಮಹಡಿಯವರ ಸರದಿ

ಹನ್ನೊಂದು ವರ್ಷ ರಜೆಗೆಂದು ಹೋಗಿಬಂದ ಪರದೇಶದ ಊರಿಗೆ ಹನ್ನೆರಡನೆಯ ವರ್ಷ ಗಂಟುಮೂಟೆ ಕಟ್ಟಿಕೊಂಡೇ ಹೋಗಿಬಿಟ್ಟರು ನಮ್ಮ ನರ್ಸಮ್ಮ ಮತ್ತು ಅವರ ಯಜಮಾನರು. ಆಕೆ ಮೂವತ್ತೆರಡು ವರ್ಷ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿದವರು, ಅವರು ಅಷ್ಟೇ ಕಾಲ ಬಸ್ಸು ಓಡಿಸಿದವರು. ಮಕ್ಕಳಿಲ್ಲ ಮರಿಯಿಲ್ಲ, ಹೇಳುವವರಿಲ್ಲ ಕೇಳುವವರಿಲ್ಲ. ಪ್ರತಿವರ್ಷ ಹತ್ತು ದಿನ ಬಾಡಿಗೆಗೆ ಹಿಡಿಯುತ್ತಿದ್ದ, ಸಮುದ್ರ ಕಾಣುವ ಮೂರನೆಯ ಮಹಡಿಯ ಆ ಮನೆಯನ್ನೇ ಕೊಂಡುಕೊಂಡರು.

ಹತ್ತು ದಿನದ ಸಮುದ್ರವೇ ಬೇರೆ, ಹತ್ತು ತಿಂಗಳ ಸಮುದ್ರವೇ ಬೇರೆ. ಉಪ್ಪುಗಾಳಿಗೆ ಚಿಲಕ ತುಕ್ಕು ಹಿಡಿಯಿತು, ಒಗೆದ ಬಟ್ಟೆ ಮೂರು ದಿನವಾದರೂ ಒಣಗಲಿಲ್ಲ, ಸೀಸನ್ ಮುಗಿದದ್ದೇ ತಡ ಬೀದಿಯ ಮುಕ್ಕಾಲು ಅಂಗಡಿ ಬಾಗಿಲು ಹಾಕಿಕೊಂಡವು. ಅದ್ಯಾವುದೂ ನರ್ಸಮ್ಮನಿಗೆ ಲೆಕ್ಕಕ್ಕಿಲ್ಲ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಿಟಕಿಯಲ್ಲಿ ನಿಂತರೆ, ಅಬ್ಬಾ, ಇನ್ನು ಸೂಟ್‌ಕೇಸ್ ತುಂಬುವ ಕೆಲಸವಿಲ್ಲವಲ್ಲ ಎಂದು ಎದೆ ತುಂಬಿ ಬರುತ್ತಿತ್ತು.

ಅಷ್ಟರಲ್ಲಿ ಪರವಾನಗಿಯ ತಲೆನೋವು ಬಂತು. ಆ ದೇಶದಲ್ಲಿ ಉಳಿಯಲು ಕೊಟ್ಟಿದ್ದ ಗಡುವು ಸೋಮವಾರಕ್ಕೆ ಮುಗಿಯುತ್ತಿತ್ತು. ಮುಂದುವರಿಸಬೇಕಾದರೆ, ಇವರು ಇಲ್ಲೇ ವಾಸವಾಗಿದ್ದಾರೆ ಎಂದು ಕಟ್ಟಡದ ಮುಖ್ಯಸ್ಥರು ಸಹಿ ಹಾಕಬೇಕು. ಸಹಿ ಇಲ್ಲವೋ, ಸ್ವದೇಶಕ್ಕೆ ವಾಪಸ್ಸು. ಮುಖ್ಯಸ್ಥರೆಂದರೆ ಕೆಳಮನೆಯ ಕ್ಯಾಪ್ಟನ್. ಹಡಗಿನ ಕೆಲಸ ಬಿಟ್ಟು ಹದಿನೈದು ವರ್ಷವಾದರೂ ಆ ಗತ್ತು ಬಿಡದ ಮುದುಕ.

ಗುರುವಾರ ನರ್ಸಮ್ಮ ಫಾರಂ ಹಿಡಿದು ಹೋದರು. ಕ್ಯಾಪ್ಟನ್ ಪೂರ್ತಿ ಓದಿ ಹಾಗೇ ವಾಪಸ್ಸು ಕೊಟ್ಟರು.

"ಸಹಿ ಹಾಕಕ್ಕಾಗಲ್ಲಮ್ಮ. ನೀವು ಇಲ್ಲಿ ವಾಸ ಮಾಡ್ತಿಲ್ಲ. ರಜಕ್ಕೆ ಬಂದಿದೀರ."

"ಹತ್ತು ತಿಂಗಳಾಯ್ತಲ್ಲ ಸಾರ್!"

"ಉದ್ದನೇ ರಜ," ಎಂದು ಬಾಗಿಲು ಹಾಕಿಕೊಂಡರು.

ಮೇಲೆ ಬಂದು ಹೇಳಿದರೆ ಯಜಮಾನರು ಕುದಿದುಹೋದರು. "ಆ ಮುದುಕಂಗೆ ನಾವೇನು ಅನ್ಯಾಯ ಮಾಡಿದ್ವಿ ಕಣೇ?"

"ಯಾರಿಗೂ ಏನೂ ಮಾಡಿಲ್ಲ ರೀ. ಮೆಟ್ಟಿಲು ತೊಳೆಯೋಳನ್ನ ಕೂಡ ನಾನು ಮರೆತಿಲ್ಲ!"

ಅದು ನಿಜವೇ. ನಸುಕಿನಲ್ಲಿ ಬಂದು ತೊಳೆದುಹೋಗುವ ಆ ಹೆಂಗಸನ್ನು ನರ್ಸಮ್ಮ ಒಮ್ಮೆಯೂ ಕಂಡವರಲ್ಲ. ಆದರೂ ರಜೆ ಮುಗಿಸಿ ಹೊರಡುವಾಗ ಮೆಟ್ಟಿಲ ಕೆಳಗಿನ ಬಕೆಟ್ಟಿನಲ್ಲಿ ಒಂದು ಪೊಟ್ಟಣ ಕ್ರೀಮ್ ಬಿಸ್ಕೆಟ್ ಇಟ್ಟೇ ಬರುತ್ತಿದ್ದರು. ಈಗ ಇಲ್ಲೇ ಇರುವುದರಿಂದ ತಿಂಗಳ ಕೊನೆಯ ಶುಕ್ರವಾರ ತಪ್ಪದೆ ಇಡುತ್ತಿದ್ದರು. ತಮ್ಮ ಈ ಧಾರಾಳತನದ ಬಗ್ಗೆ ಅವರಿಗೆ ಒಳಗೊಳಗೇ ಹೆಮ್ಮೆ.

ಶನಿವಾರ ಬೆಳಕು ಹರಿಯುತ್ತಲೇ, ಕಾಲಿಗೆ ಬಿದ್ದಾದರೂ ಸಹಿ ತರುತ್ತೇನೆಂದು ಹೊರಟ ನರ್ಸಮ್ಮ ಬಾಗಿಲು ತೆರೆದವರೇ ಬೆಪ್ಪಾಗಿ ನಿಂತರು. ಅವರ ಮನೆಯ ಮೆಟ್ಟಿಲ ಮೇಲೆ ಪ್ಯಾಂಟು ಮಡಚಿಕೊಂಡು, ಮಂಡಿಯೂರಿ, ಬ್ರಷ್ಷು ಹಿಡಿದು ತಿಕ್ಕುತ್ತಿದ್ದವರು ಕ್ಯಾಪ್ಟನ್. ಪಕ್ಕದಲ್ಲಿ, ನಿನ್ನೆ ತಾವೇ ಇಟ್ಟಿದ್ದ ಬಿಸ್ಕೆಟ್ ಪೊಟ್ಟಣ.

"ಅಯ್ಯಯ್ಯೋ! ನೀವ್ಯಾಕೆ ಸಾರ್? ಕೆಲಸದೋಳು ಬರ್ಲಿಲ್ವಾ?"

"ಯಾವ ಕೆಲಸದೋಳು?" ಕ್ಯಾಪ್ಟನ್ ಸೊಂಟ ಹಿಡಿದುಕೊಂಡು ನೆಟ್ಟಗಾದರು. "ನಾಲ್ಕು ಮನೆ, ತಿಂಗಳಿಗೆ ನಾಲ್ಕು ಸರದಿ. ಕೊನೇ ಶನಿವಾರ ಮೂರನೇ ಮಹಡಿದು. ರಜಕ್ಕೆ ಬರೋರ ಪಾಲಿಂದು ಮೊದಲಿಂದ್ಲೂ ನಾನೇ ತೊಳೀತೀನಿ. ಮತ್ತೆ ಈ ಬಿಸ್ಕೆಟ್ ಇಡಬೇಡಿ, ತಾಯಿ. ನನಗೆ ಸಕ್ಕರೆ ಕಾಯಿಲೆ."

ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ನರ್ಸಮ್ಮನಿಗೆ. ಎಪ್ಪತ್ತು ದಾಟಿದ ಮನುಷ್ಯನ ಕೈಲಿ ಹತ್ತು ತಿಂಗಳು ಮೆಟ್ಟಿಲು ತೊಳೆಸಿದ್ದಲ್ಲದೆ, ನರ್ಸಾಗಿ ಸಕ್ಕರೆ ಕಾಯಿಲೆಯವರಿಗೆ ಕ್ರೀಮ್ ಬಿಸ್ಕೆಟ್ ಇನಾಮು ಬೇರೆ!

"ಒಂದು ಮಾತು ಹೇಳ್ಬಾರ್ದಾಗಿತ್ತಾ ಸಾರ್?"

"ನೆಂಟರಿಗೆ ಹೇಗಮ್ಮ ಹೇಳೋದು, ಬನ್ನಿ ಮೆಟ್ಟಿಲು ತೊಳೀರಿ ಅಂತ?"

ನರ್ಸಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಬ್ರಷ್ಷು ಕಿತ್ತುಕೊಂಡರು. "ಏನ್ರೀ, ಎದ್ದು ಬನ್ನಿ! ನೀರು ತನ್ನಿ!" ಯಜಮಾನರು ಕಣ್ಣುಜ್ಜಿಕೊಂಡು ಬಂದು, ಹಿಂದೆಮುಂದೆ ನೋಡದೆ ತುಂಬಿದ ಬಕೆಟ್ಟನ್ನು ಮೇಲಿನಿಂದ ಸುರಿದೇಬಿಟ್ಟರು. ನೀರು ದಡದಡ ಇಳಿದು ಎರಡನೆಯ ಮಹಡಿಯ ಬಾಗಿಲ ಸಂದಿಗೆ ನುಗ್ಗಿತು. ಬಾಗಿಲು ತೆರೆದು ಆ ಮನೆಯ ಬೇಕರಿಯಾಕೆ ಹೊರಬಂದಳು.

"ರೀ, ತಲೆಗಿಲೆ ಕೆಟ್ಟಿದೆಯೇನ್ರೀ? ಮೊದಲು ಕಾಲೊರಸು ಎತ್ತಿಡಬೇಕು ಅಂತ ಗೊತ್ತಾಗಲ್ವಾ? ನನ್ನ ಚಪ್ಪಲಿಯೆಲ್ಲ ತೇಲ್ತಿದೆ!"

ಹತ್ತು ತಿಂಗಳಿಂದ ಈ ಬೇಕರಿಯಾಕೆ ಇವರನ್ನು ಕಂಡಾಗಲೆಲ್ಲ ನಗುನಗುತ್ತಾ ಕೇಳುತ್ತಿದ್ದದ್ದು ಒಂದೇ ಮಾತು, ನಮ್ಮೂರ ಹವಾ ಹಿಡಿಸ್ತಾ ಅಂತ. ಈಗ ಬಾಯಿಗೆ ಬಂದಂತೆ ಬೈಸಿಕೊಳ್ಳುತ್ತಿದ್ದರೆ ನರ್ಸಮ್ಮನಿಗೆ ಎಂಥದೋ ಖುಷಿ. ಕೊನೆಗೆ ಬೇಕರಿಯಾಕೆಯೇ ಪೊರಕೆ ತಂದು, ಹೀಗೆ ಗೋಡೆ ಕಡೆ ತಳ್ಳಬೇಕು ಎಂದು ತೋರಿಸಿಕೊಟ್ಟಳು.

ಮಧ್ಯಾಹ್ನ ಕ್ಯಾಪ್ಟನ್ ಪೆನ್ನು ಹಿಡಿದು ತಾವಾಗಿಯೇ ಮೇಲೆ ಬಂದರು. ನರ್ಸಮ್ಮ ಫಾರಂ ಮುಂದಿಟ್ಟು, "ಸಹಿಗೋಸ್ಕರ ತೊಳೆದಿದ್ದಲ್ಲ ಸಾರ್," ಎಂದರು.

"ಗೊತ್ತು. ಸಹಿಗೋಸ್ಕರ ಆಗಿದ್ರೆ ಇನ್ನೂ ಚೆನ್ನಾಗಿ ತೊಳೀತಿದ್ರಿ." ಫಾರಂ ಮೇಲೆ ಕಣ್ಣಾಡಿಸಿದರು. "ಎಂದಿನಿಂದ ವಾಸ ಅಂತ ಕೇಳಿದಾರೆ. ಏನು ಬರೀಲಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇವತ್ತಿಂದ ಅಂತ ಬರೀರಿ ಸಾರ್."

ಕ್ಯಾಪ್ಟನ್ ಮೊದಲ ಬಾರಿಗೆ ಹಲ್ಲು ಕಾಣುವಂತೆ ನಕ್ಕರು. "ಹಾಗೆ ಬರೆದ್ರೆ ಓಡಿಸಿಬಿಡ್ತಾರೆ ನಿಮ್ಮನ್ನ." ಹತ್ತು ತಿಂಗಳು ಎಂದು ಬರೆದು, ಸಹಿ ಹಾಕಿ ಎದ್ದರು. ಬಾಗಿಲಲ್ಲಿ ತಿರುಗಿ ನಿಂತಾಗ ಮುಖ ಮತ್ತೆ ಗಂಟಿಕ್ಕಿತ್ತು.

"ಮೇಲಿಂದ ನಾಲ್ಕನೇ ಮೆಟ್ಟಿಲ ಮೂಲೇಲಿ ಕೊಳೆ ಹಾಗೇ ಇದೆ. ನೆಂಟರಾಗಿದ್ರೆ ನಾನೇ ತಿಕ್ಕಿಬಿಡ್ತಿದ್ದೆ."

ನರ್ಸಮ್ಮ ಕಣ್ಣೊರೆಸಿಕೊಂಡು ಬ್ರಷ್ಷು ಹುಡುಕತೊಡಗಿದರು.