ಪಡುವಲ ತೂಬು

ನಮ್ಮೂರ ಕೆರೆ ಈಗ ಇರುವುದು ಕಂಪ್ಯೂಟರಿನೊಳಗೆ ಮಾತ್ರ. ಕೆ.ಆರ್. ಪುರದ ಹತ್ತಿರ ಅದು ಇದ್ದ ಜಾಗದಲ್ಲಿ ಮೂರು ಅಡ್ಡರಸ್ತೆ, ಒಂದು ಕಲ್ಯಾಣ ಮಂಟಪ, ಒಂದು ಟೈಲ್ಸ್ ಗೋದಾಮು ಎದ್ದಿವೆ. ನಾನು ಮತ್ತು ಪ್ರೇಮ್‌ಕುಮಾರ್ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಕೆರೆ ಆಗಲೇ ಅರ್ಧ ಮುಚ್ಚಿಹೋಗಿತ್ತು. ಉಳಿದದ್ದನ್ನು ನಾವಿಬ್ಬರೂ ಸೇರಿ ಒಂದು ಆಟದ ನಕ್ಷೆಯಾಗಿ ಮಾಡಿಟ್ಟೆವು. ಇಪ್ಪತ್ತೆರಡು ವರ್ಷದಿಂದ ಜಗತ್ತಿನ ಯಾರ್ಯಾರೋ ನಮ್ಮ ಏರಿಯ ಮೇಲೆ ಕುದುರೆ ಓಡಿಸುತ್ತಿದ್ದಾರೆ.

ಆಟದ ಹೆಸರು 'ಕ್ರೌನ್ಸ್ ಆಫ್ ಈಥಾರ್'. ನಾಲಿಗೆ ತಿರುಗದೆ ನಾವು ಅದನ್ನು ಕಿರೀಟ ಎನ್ನುತ್ತಿದ್ದೆವು. ಅಪ್ಪ ಅದನ್ನು ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದೆ ಸಿ.ಡಿ. ಮಾರುವವನ ಹತ್ತಿರ ಕೊಂಡು ತಂದುಕೊಟ್ಟಿದ್ದರು; ಟೈಪಿಂಗ್ ಕಲಿಸುವ ಸಿ.ಡಿ. ಎಂದು ಅವರಿಗೆ ಹೇಳಿದ್ದೆ. ಆಟ ಕಷ್ಟದ್ದಲ್ಲ. ಇಬ್ಬರು ರಾಜರು, ಇಬ್ಬರಿಗೂ ಒಂದೊಂದು ಸೀಮೆ, ಸೈನ್ಯ, ಒಂದಷ್ಟು ಮಂತ್ರಗಳು. ಸರದಿಯ ಪ್ರಕಾರ ನಡೆ ಇಡಬೇಕು. ಆಡುವ ಸೀಮೆಯ ನಕ್ಷೆಯನ್ನು ನಾವೇ ಮಾಡಿಕೊಳ್ಳಬಹುದಿತ್ತು. ಮಂತ್ರ ಹಾಕಲು ಶಕ್ತಿ ಬೇಕು, ಆ ಶಕ್ತಿ ಬರುವುದು ಹಸಿರು ಗದ್ದೆಗಳಿಂದ. ನೀರಿದ್ದವನಿಗೆ ಗದ್ದೆ, ಗದ್ದೆಯಿದ್ದವನಿಗೆ ಮಂತ್ರ.

ಶಾಲೆ ಬಿಟ್ಟ ಕೂಡಲೇ ಪ್ರೇಮ್ ನಮ್ಮ ಮನೆಗೆ ಬರುತ್ತಿದ್ದ. ಚಪ್ಪಲಿಯನ್ನು ಗೇಟಿನ ಹೊರಗೇ ಬಿಡುತ್ತಿದ್ದ, ಅಮ್ಮ ಕೊಟ್ಟ ಚುರುಮುರಿಯನ್ನು ಒಂದು ಕಾಳೂ ಬೀಳದ ಹಾಗೆ ತಿನ್ನುತ್ತಿದ್ದ. ಇನ್ನೂರು ಪುಟದ ಒಂದು ನೋಟ್‌ಬುಕ್ಕಿಗೆ 'ಬ್ಯಾಲೆನ್ಸ್ ಬುಕ್ಕು' ಎಂದು ಹೆಸರಿಟ್ಟು, ಆಟದಲ್ಲಿ ಏನೇನು ಸರಿಮಾಡಬೇಕು ಎಂದು ಅದರಲ್ಲಿ ಬರೆಯುತ್ತಿದ್ದೆವು. ದೆವ್ವಗಳು ಹುಣಸೆಮರದ ಬುಡದಲ್ಲಿ ಮಾತ್ರ ಹುಟ್ಟಬೇಕು. ಬೆಂಕಿ ಮಂತ್ರ ಮಳೆಗಾಲದಲ್ಲಿ ಅರ್ಧ ಕೆಲಸ ಮಾಡಬೇಕು. ಪಟಾಲಮ್ಮನ ಗುಡಿಯ ಸುತ್ತ ಯಾರೂ ಕತ್ತಿ ಎತ್ತಬಾರದು. ಇವೆಲ್ಲ ಪ್ರೇಮ್‌ನ ತಲೆಯಿಂದ ಬಂದವು, ಎಲ್ಲವೂ ನಕ್ಷೆಯೊಳಗೆ ಹೋದವು. ಇವತ್ತಿಗೂ ಬ್ರೆಜಿಲ್ಲಿನ ಹುಡುಗರು ಸೋಲುವ ಹೊತ್ತಿಗೆ ಪಟಾಲಮ್ಮನ ಗುಡಿಗೆ ಓಡುತ್ತಾರೆ. ಆ ಸಂಜೆಗಳ ಹಾಗೆ ಆಮೇಲೆ ನನ್ನ ಬದುಕಿನಲ್ಲಿ ಯಾವ ಸಂಜೆಯೂ ಕಳೆಯಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಹತ್ತನೇ ಕ್ಲಾಸಿಗೆ ಮುಂಚೆ ಪ್ರೇಮ್ ಬರುವುದನ್ನು ನಿಲ್ಲಿಸಿಬಿಟ್ಟ. ಸೋತೂ ಸೋತೂ ಬೇಸರವಾಗಿರಬೇಕು ಎಂದುಕೊಂಡೆ. ಆಮೇಲೆ ಅವರ ಮನೆಯವರು ಹಲಸೂರಿಗೆ ಹೋದರು.

ಈಗ ನಾನು ಇಂದಿರಾನಗರದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಕಿರೀಟದ ಕಂಪನಿ ಮುಚ್ಚಿ ಹದಿನೈದು ವರ್ಷವಾಯಿತು. ಆಟವನ್ನು ಸಾಯದಂತೆ ನೋಡಿಕೊಂಡವರು ನನ್ನಂಥ ಹುಚ್ಚರು. ನಮ್ಮ ಐದು ಜನರ ಒಂದು ಸಮಿತಿ ಇದೆ. ಅದರ ಹಿರಿಯ ಪೋಲೆಂಡಿನ ಒಬ್ಬ ಅಂಚೆ ನೌಕರ. ಈ ಡಿಸೆಂಬರಿನಲ್ಲಿ ಆತ ಒಂದು ಲೆಕ್ಕ ಕಳಿಸಿದ. ನಮ್ಮ 'ಕೆರೆ' ನಕ್ಷೆಯಲ್ಲಿ ಆಡಿದ ಸಾವಿರದ ನೂರು ಆಟಗಳಲ್ಲಿ ಮೂಡಲ ಕಡೆಯವನು ಗೆದ್ದದ್ದು ನೂರಕ್ಕೆ ಎಪ್ಪತ್ತೊಂದು. ಎರಡು ವಾರದೊಳಗೆ, ಭಾನುವಾರ ಸಂಜೆಯ ಮೊದಲು ಸರಿಮಾಡಿ, ಇಲ್ಲದಿದ್ದರೆ ಪಟ್ಟಿಯಿಂದ ತೆಗೆಯುತ್ತೇವೆ ಎಂದು ಬಹಳ ಮರ್ಯಾದೆಯಿಂದ ಬರೆದಿದ್ದ. ಪಟ್ಟಿಯಿಂದ ಹೋದ ನಕ್ಷೆಯನ್ನು ಯಾರೂ ತೆರೆಯುವುದಿಲ್ಲ. ಅಂದರೆ ಕೆರೆಯನ್ನು ಎರಡನೇ ಸಲ ಮುಚ್ಚಿದ ಹಾಗೆ. ನನಗೆ ಮೈಯೆಲ್ಲ ಉರಿಯಿತು.

ಒಂದು ವಾರ ಅದೇ ಕೆಲಸ. ಮಳೆ ಕರೆಯುವ ಮಂತ್ರದ ಬೆಲೆಯನ್ನು ಆರರಿಂದ ಒಂಬತ್ತಕ್ಕೆ ಏರಿಸಿದೆ. ಎಪ್ಪತ್ತೊಂದು ಇದ್ದದ್ದು ಅರವತ್ತೆಂಟಾಯಿತು, ಅಷ್ಟೇ. ಪಡುವಲ ದಿಣ್ಣೆಯ ಮೇಲೆ ಬಿಲ್ಲುಗಾರರ ಗೋಪುರ ಕಟ್ಟಿದೆ. ಪಡುವಲದವನು ಗೋಪುರ ಬಿಟ್ಟು ಇಳಿಯದೆ ಮೂರು ಗಂಟೆ ಕೂತು ನಿಧಾನವಾಗಿ ಸೋತ. ಚಿನ್ನದ ಗಣಿ ಕೊಟ್ಟೆ. ಮೂಡಲದವನು ಬಂದು ಕಿತ್ತುಕೊಂಡ. ಕೆರೆಯ ಮೇಲೆ ಮಂಜು ಹಾಕಿದರೆ ಇಬ್ಬರೂ ಏನೂ ಕಾಣಿಸದೆ ಬೈದರು. ಏನು ಕೊಟ್ಟರೂ ಪಡುವಲದ ರಾಜ ಇಪ್ಪತ್ತನೇ ಸರದಿಯ ಹೊತ್ತಿಗೆ ಒಣಗಿದ ಗದ್ದೆ ನೋಡುತ್ತ ಕೈಕಟ್ಟಿ ಕೂರುತ್ತಿದ್ದ.

ಕೊನೆಗೆ ಅಟ್ಟ ಹತ್ತಿ ಬ್ಯಾಲೆನ್ಸ್ ಬುಕ್ಕು ಹುಡುಕಿ ತೆಗೆದೆ. ನಲವತ್ತೊಂದನೇ ಪುಟದಲ್ಲಿ ಪ್ರೇಮ್‌ನ ಗುಂಡಗಿನ ಅಕ್ಷರ: 'ಪಡುವಲ ಕಡೆಗೂ ಒಂದು ತೂಬು ಹಾಕಬೇಕು. ಅಲ್ಲಿ ಇತ್ತು ಅಂತ ಅಜ್ಜಿ ಹೇಳ್ತಾಳೆ.' ಕೆಳಗೆ ಕೆಂಪು ಪೆನ್ನಿನಲ್ಲಿ ನನ್ನ ಅಕ್ಷರ: 'ಸುಳ್ಳು. ತೂಬು ಒಂದೇ. ತಾತನ್ನ ಕೇಳಿದೀನಿ. ಸೋಲ್ತೀಯ ಅಂತ ಕಥೆ ಕಟ್ಟಬೇಡ.'

ತೂಬು ಎಂದರೆ ಏರಿಯ ಕೆಳಗಿನ ಕಿಂಡಿ, ಕೆರೆಯ ನೀರನ್ನು ಗದ್ದೆಗೆ ಬಿಡುವ ಬಾಯಿ. ನಮ್ಮ ನಕ್ಷೆಯಲ್ಲಿ ಅದು ಮೂಡಲ ಕಡೆ ಒಂದೇ ಇತ್ತು. ನಾನು ಯಾವಾಗಲೂ ಮೂಡಲದ ರಾಣಿ. ನಮ್ಮ ಗದ್ದೆ ಇದ್ದದ್ದು ಆ ಕಡೆ, ಕಂಪ್ಯೂಟರೂ ನಮ್ಮದು. ಆ ಪುಟದ ಆಚೆಗೆ ಪ್ರೇಮ್‌ನ ಅಕ್ಷರ ಎಲ್ಲೂ ಇರಲಿಲ್ಲ. ಅವನ ತಾತ ಪಿಳ್ಳಪ್ಪ ಊರಿನ ನೀರಗಂಟಿಯಾಗಿದ್ದವರು, ತೂಬು ತೆರೆದು ಮುಚ್ಚಿ ಸರದಿಯ ಪ್ರಕಾರ ಎಲ್ಲರ ಗದ್ದೆಗೂ ನೀರು ಹಂಚುತ್ತಿದ್ದವರು. ಎಷ್ಟು ತೂಬು ಇದ್ದವು ಎಂದು ಆ ಮನೆಯವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಹದಿನಾಲ್ಕು ವರ್ಷದ ನನಗೆ ಇದು ಹೊಳೆದಿರಲಿಲ್ಲ. ಮೂವತ್ತಾರರಲ್ಲಿ ಹೊಳೆಯಿತು, ಬಹಳ ಜಾಣೆ.

ನನ್ನ ತಾತ ಮುನಿನಾರಾಯಣಪ್ಪನಿಗೆ ಈಗ ಎಂಬತ್ತೆಂಟು. ಬೆಳಿಗ್ಗೆ ಗೇಟಿನ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಹೋಗಿಬರುವ ಸ್ಕೂಟರುಗಳನ್ನು ವಿಚಾರಿಸಿಕೊಳ್ಳುವುದು ಅವರ ಕೆಲಸ. ಲ್ಯಾಪ್‌ಟಾಪನ್ನು ಅವರ ತೊಡೆಯ ಮೇಲಿಟ್ಟು ನಕ್ಷೆ ತೋರಿಸಿದೆ. ಅವರ ಮುಖ ಅರಳಿತು.

"ಹೊಂಗೆಮರ ಇನ್ನೊಂಚೂರು ಈಚೆಗಿತ್ತು," ಎಂದರು.

"ತಾತ, ತೂಬು ಎಷ್ಟಿತ್ತು?"

ಒಂದು ನೀರಿನ ಟ್ಯಾಂಕರ್ ದಾಟಿ ಹೋಗುವುದನ್ನು ಅವರು ನೋಡಿದರು. "ಎರಡಿತ್ತು ಕಣಮ್ಮ."

"ಅವತ್ತು ಒಂದೇ ಅಂದಿದ್ದೆ?"

"ನೀನು ಕೇಳಿದಾಗ ಒಂದೇ ಇತ್ತು."

"ವಕೀಲರ ಥರ ಮಾತಾಡ್ಬೇಡ ತಾತ. ಇನ್ನೊಂದು ಏನಾಯ್ತು?"

ಹೇಳಿದರು. ನಾನು ಹುಟ್ಟುವ ಮುಂಚೆ ಒಂದು ವರ್ಷ ಮಳೆ ಕೈಕೊಟ್ಟಿತಂತೆ. ಕೆರೆಯಲ್ಲಿ ಮೊಣಕಾಲುದ್ದ ನೀರು. ಎರಡು ಕಡೆಗೂ ಬಿಟ್ಟರೆ ಯಾರ ಬೆಳೆಯೂ ಕೈಗೆ ಹತ್ತುವುದಿಲ್ಲ ಎಂದು ತಾತ ಮತ್ತು ಇನ್ನಿಬ್ಬರು ಸೇರಿ ಪಡುವಲ ತೂಬು ಮುಚ್ಚಲು ಹೇಳಿದರು. ಪಿಳ್ಳಪ್ಪ ಬೇಡ ಎಂದನಂತೆ. ಅವನ ಅರ್ಧ ಎಕರೆಯೂ ಆ ಕಡೆಗೇ ಇತ್ತು. ಆದರೂ ಊರು ಹೇಳಿದ ಮೇಲೆ ನೀರಗಂಟಿ ಮೀರುವ ಹಾಗಿಲ್ಲ. ಕಲ್ಲು, ಜೇಡಿಮಣ್ಣು ತುಂಬಿ ಅವನೇ ಮೆಟ್ಟಿ ಮುಚ್ಚಿದ.

"ಒಂದು ಬೆಳೆಗೆ ಅಂತ ಮುಚ್ಚಿಸಿದ್ದು," ಎಂದರು ತಾತ. "ಮುಂದಿನ ವರ್ಷ ಕೆರೆ ತುಂಬಿ ಕೋಡಿ ಬಿತ್ತು."

"ಮತ್ತೆ ತೆಗೆಸ್ಲಿಲ್ವಾ?"

"ಇಲ್ಲ. ನಮಗೆ ಅಭ್ಯಾಸ ಆಗೋಗಿತ್ತು."

ನನಗೆ ಬಹಳ ಪ್ರೀತಿಯ ತಾತ. ಏರಿಯ ಮೇಲೆ ಹೆಗಲ ಮೇಲೆ ಕೂರಿಸಿಕೊಂಡು ತಿರುಗಿಸಿದವರು. ಎದ್ದು ಒಳಗೆ ಹೋಗಿಬಿಟ್ಟೆ.

ನಕ್ಷೆಗೆ ಪಡುವಲ ತೂಬು ಹಾಕಲು ಹತ್ತು ನಿಮಿಷ ಸಾಕಾಯಿತು. ಏರಿಯ ಮೇಲೆ ಒಬ್ಬ ನೀರಗಂಟಿಯನ್ನೂ ನಿಲ್ಲಿಸಿದೆ. ಅವನು ಯಾರ ಆಳೂ ಅಲ್ಲ. ಒಂದು ಸರದಿ ಮೂಡಲಕ್ಕೆ, ಒಂದು ಸರದಿ ಪಡುವಲಕ್ಕೆ ನೀರು ಬಿಡುತ್ತಾನೆ, ಯಾವ ರಾಜನ ಮಾತನ್ನೂ ಕೇಳುವುದಿಲ್ಲ, ಯಾವ ಮಂತ್ರವೂ ಅವನಿಗೆ ತಾಗುವುದಿಲ್ಲ. ಮುನ್ನೂರು ಆಟ ಆಡಿಸಿ ನೋಡಿದೆವು. ನೂರಕ್ಕೆ ಮೂಡಲ ಐವತ್ತೊಂದು, ಪಡುವಲ ನಲವತ್ತೊಂಬತ್ತು. ಪೋಲೆಂಡಿನ ಅಂಚೆಯವನು ಕುಣಿದಾಡಿಬಿಟ್ಟ. ಆದರೆ ಸಮಿತಿಗೆ ಒಂದು ನಿಯಮವಿದೆ, ಅದನ್ನು ಬರೆದವಳೂ ನಾನೇ: ನಕ್ಷೆಯನ್ನು ಬದಲಿಸಲು ಅದನ್ನು ಮಾಡಿದವರೆಲ್ಲರ ಒಪ್ಪಿಗೆ ಬೇಕು. ಮಾಡಿದವರ ಹೆಸರು ಎರಡಿದ್ದವು.

ಶನಿವಾರ ಮಧ್ಯಾಹ್ನ ಶಿವಾಜಿನಗರಕ್ಕೆ ಹೋದೆ. ಪ್ರೇಮ್ ಮಾರುಕಟ್ಟೆಯ ಪಕ್ಕದ ಓಣಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ ಎಂದು ಹಳೆಯ ಗೆಳತಿ ಶ್ವೇತ ಹೇಳಿದ್ದಳು. ತಲೆಯಲ್ಲಿ ಕೂದಲು ಅರ್ಧ ಹೋಗಿದ್ದರೂ ನೋಡಿದ ತಕ್ಷಣ ಗುರುತು ಸಿಕ್ಕಿತು. ಗಿರಾಕಿಯೊಬ್ಬನಿಗೆ ದಖ್ಖನಿಯಲ್ಲಿ ಏನೋ ಸಮಾಧಾನ ಹೇಳುತ್ತಿದ್ದವನು ನನ್ನನ್ನು ಕಂಡು ಎದ್ದು ನಿಂತ.

"ಯಮುನಾ! ಏನೇ ಇದು, ಫೋನ್ ಬೀಳಿಸ್ಕೊಂಡ್ಯಾ?"

ಚಹಾ ತರಿಸಿದ. ಅರ್ಧ ಗಂಟೆ ಹುಣಸೆಮರದ ದೆವ್ವಗಳ ಮಾತೇ ಆಯಿತು. ನಕ್ಕೂ ನಕ್ಕೂ ನನ್ನ ಕಣ್ಣಲ್ಲಿ ನೀರು ಬಂತು. ಆಮೇಲೆ ತಾತ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಕೆಂಪು ಪೆನ್ನಿನಲ್ಲಿ ಬರೆದದ್ದಕ್ಕೆ ಕ್ಷಮೆ ಕೇಳಿದೆ.

ಅವನು ಸ್ಕ್ರೂಡ್ರೈವರನ್ನು ಮೇಜಿನ ಮೇಲಿಟ್ಟ.

"ನಿನ್ ಮೇಲೆ ಕೋಪ ಮಾಡ್ಕೊಂಡು ಬರೋದು ಬಿಟ್ಟೆ ಅಂದ್ಕೊಂಡಿದ್ಯಾ?"

"ಮತ್ತೆ?"

"ಅವತ್ತು ಮನೆಗೆ ಹೋಗಿ ಅಜ್ಜಿಗೆ ಬೈದೆ ಕಣೆ. ಸುಳ್ಳು ಹೇಳಿ ನನ್ ಮಾನ ಕಳ್ದೆ, ಅವ್ರ ತಾತನೇ ಒಂದು ಅಂದವ್ರೆ ಅಂತ. ಅಜ್ಜಿ ಇತ್ತು ಇತ್ತು ಅಂತಾನೇ ಇದ್ಲು. ನಾನು ನಂಬ್ಲಿಲ್ಲ. ನಿನ್ನನ್ನ ನಂಬ್ದೆ. ನಾಚ್ಕೆ ಆಗಿ ನಿಮ್ ಮನೆಗೆ ಬರ್ಲಿಲ್ಲ. ಆಮೇಲೆ ಅವ್ಳು ನಮ್ ತಾತನ್ ವಿಷ್ಯ ಏನ್ ಹೇಳಿದ್ರೂ ನಾವೆಲ್ಲ ನಕ್ಕುಬಿಡ್ತಿದ್ವಿ. ಈಗ ಹೇಳೋದೇ ಬಿಟ್ಟವ್ಳೆ."

ಅವನಲ್ಲಿ ಕ್ಷಮೆ ಕೇಳಿದ್ದು ತಪ್ಪು ಮನೆಯ ಬಾಗಿಲು ತಟ್ಟಿದಂತೆ ಆಗಿತ್ತು.

"ಒಪ್ಪಿಗೆ ನಾನು ಕೊಡಲ್ಲ," ಎಂದ ಪ್ರೇಮ್. "ಅಜ್ಜಿ ಕೊಡ್ಲಿ."

ಫೋನ್ ಮಾಡಿ ನನ್ನ ಕೈಗೆ ಕೊಟ್ಟ. ಅವನ ಅಜ್ಜಿ ಮಾರಕ್ಕನಿಗೆ ಕಿವಿ ಸ್ವಲ್ಪ ಮಂದ. ಇಡೀ ಓಣಿಗೆ ಕೇಳಿಸುವ ಹಾಗೆ ನಾನು ತೂಬಿನ ವಿಷಯ ಕೂಗಿ ಹೇಳಿದೆ. ನಿಮ್ಮ ಮಾತೇ ನಿಜ ಅಜ್ಜಿ, ಎಂದೆ.

"ನನ್ ಮಾತು ನಿಜ ಅಂತ ನಂಗ್ ಗೊತ್ತಿಲ್ವಾ?" ಎಂದಳು ಆ ಕಡೆಯಿಂದ. "ನೀನ್ಯಾಕವ್ವ ಹೇಳ್ತೀಯ, ನೀನಾಗ ಹುಟ್ಟೇ ಇರ್ಲಿಲ್ಲ. ಮುಚ್ಚಿಸ್ದೋರು ಬಂದು ಹೇಳ್ಲಿ. ನಮ್ ಹುಡ್ಗ ಇರುವಾಗ ಬಂದು ಹೇಳ್ಲಿ."

ಮನೆಗೆ ಬಂದು ತಾತನಿಗೆ ಹೇಳಿದೆ. ಮೊದಲು ಮೊಣಕಾಲು ನೋವು ಎಂದರು. ಆಮೇಲೆ, ಅಷ್ಟು ಹಳೇದನ್ನ ಈಗ ಕೆದಕಿ ಯಾರಿಗೇನು ಎಂದರು. ಆಮೇಲೆ, ನಕ್ಷೆ ಹೋದರೆ ಹೋಗಲಿ ಬಿಡು ಎಂದರು.

"ನಕ್ಷೆ ಹೋಗ್ಲಿ ತಾತ," ಎಂದೆ. ಹಾಗೆ ಹೇಳಿದಾಗಲೇ ಅದು ನಿಜ ಎಂದು ನನಗೆ ಗೊತ್ತಾಯಿತು. "ನಾನು ಆ ಹುಡುಗನಿಗೆ ಅವನ ಅಜ್ಜಿ ಸುಳ್ಳಿ ಅಂತ ಬರೆದುಕೊಟ್ಟಿದೀನಿ. ನಿನ್ನ ಹೆಸರು ಹೇಳಿ ಬರೆದಿದೀನಿ. ಅದನ್ನ ಅಳಿಸೋಕೆ ನನ್ ಕೈಲಾಗಲ್ಲ."

ಭಾನುವಾರ ಬೆಳಿಗ್ಗೆ ನಾನು ಏಳುವ ಹೊತ್ತಿಗೆ ತಾತ ಸ್ನಾನ ಮಾಡಿ, ಬಿಳಿ ಪಂಚೆ ಉಟ್ಟು, ಆಟೋ ಕರಿ ಎಂದು ಕೂತಿದ್ದರು.

ಹಲಸೂರಿನ ವಠಾರದಲ್ಲಿ ಮಾರಕ್ಕನದು ಕೊನೆಯ ಮನೆ. ಬಾಗಿಲ ಒಳಗೆ ಚಾಪೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ತಾತನನ್ನು ಕಂಡು ಅಭ್ಯಾಸಬಲದಿಂದ ಅರ್ಧ ಎದ್ದಳು, ಮತ್ತೆ ಏನೋ ನೆನಪಾದಂತೆ ಕೂತುಬಿಟ್ಟಳು. ಪ್ರೇಮ್ ಕುರ್ಚಿ ತಂದಿಟ್ಟ. ತಾತ ಕೂರದೆ ಬಾಗಿಲ ಚೌಕಟ್ಟು ಹಿಡಿದು ನಿಂತರು.

"ಆ ವರ್ಷ ಮಳೆ ಎಂಗಿತ್ತು ಅಂತ ನಿಂಗೂ ಗೊತ್ತಲ್ಲ ಮಾರಕ್ಕ," ಎಂದು ಶುರುಮಾಡಿದರು. "ಭರಣಿ ಮಳೇನೂ ಇಲ್ಲ, ಕೃತ್ತಿಕೇನೂ ಇಲ್ಲ..."

"ಮಳೆ ವಿಸ್ಯ ಬ್ಯಾಡಿ," ಎಂದಳು ಮಾರಕ್ಕ. "ತೂಬಿನ್ ವಿಸ್ಯ ಹೇಳಿ."

ತಾತನ ಕೈ ಹಿಡಿದುಕೊಳ್ಳೋಣ ಎನಿಸಿದರೂ ನಾನು ಹಿಡಿಯಲಿಲ್ಲ.

"ಎರಡಿತ್ತು," ಎಂದರು. "ಪಡುವಲದ್ದು ನಾನೇ ಮುಚ್ಚಿಸ್ದೆ. ಪಿಳ್ಳಪ್ಪ ಬ್ಯಾಡ ಅಂತ ಕೈ ಮುಗ್ದ. ಒಂದೇ ಬೆಳೆಗೆ ಅಂತ ಅವ್ನಿಗೆ ಮಾತು ಕೊಟ್ಟಿದ್ದೆ. ಆಮೇಲೆ ಅವ್ನು ಎಷ್ಟೋ ಸಲ ಬಂದು ಕೇಳ್ದ. ನಾನು ತೆಗೆಸ್ಲಿಲ್ಲ."

ಮಾತು ಕೊಟ್ಟಿದ್ದು, ಪಿಳ್ಳಪ್ಪ ಬಂದು ಕೇಳಿದ್ದು, ಇವೆರಡನ್ನೂ ತಾತ ನನಗೆ ಹೇಳಿರಲಿಲ್ಲ.

ಮಾರಕ್ಕ ತಾತನ ಮುಖ ನೋಡಲೇ ಇಲ್ಲ. ಅವಳು ನೋಡುತ್ತಿದ್ದದ್ದು ಮೊಮ್ಮಗನನ್ನು, ತಾತ ಬಾಯಿ ತೆರೆದಾಗಿನಿಂದಲೂ ಅವನೊಬ್ಬನನ್ನೇ.

"ಕೇಳಿಸ್ತೇನೋ?" ಎಂದಳು.

"ಕೇಳಿಸ್ತು ಅಜ್ಜಿ," ಎಂದ ಪ್ರೇಮ್. ಚಾಪೆಯ ಮೇಲೆ ಅವಳ ಪಕ್ಕ ಕೂತು ಅವರೆಕಾಯಿ ಸುಲಿಯತೊಡಗಿದ.