ಬಿರಾನ್ ಜೋಪ್‌ನನ್ನು ಬೈದು ಕಳಿಸಿದ್ದು

ಸೆವಾರೆ ಪಟ್ಟಣದ ಶಾಂತಿಪಡೆ ಶಿಬಿರದ ಗೇಟಿನೆದುರು ಸಜ್ಜೆ ಪಡ್ಡು ಮಾರುವ ವಾಸ್ಸಾ ಜಾರಾಳ ಬಾಯಿ ಊರಿಗೇ ಗೊತ್ತು. ಅದಕ್ಕೆ ಸರಿಯಾಗಿ ಸಿಕ್ಕಿದ್ದು ನೆರೆದೇಶ ಸೆನೆಗಲ್‌ನ ಸಿಪಾಯಿ ಬಿರಾನ್ ಜೋಪ್. ಅಲ್ಲಿಯ ಜೋಪ್ ಮನೆತನ ಅಂದರೆ ಇಲ್ಲಿಯ ತ್ರಾವೊರೆ ಮನೆತನವೇ. ತ್ರಾವೊರೆಗಳೂ ಜಾರಾಗಳೂ ತಲೆತಲಾಂತರದಿಂದ ಗೇಲಿ ನೆಂಟರು. ಕಂಡಲ್ಲಿ ಬೈಯಬೇಕು, ಬೈಸಿಕೊಂಡವರು ಸಿಟ್ಟಾಗಕೂಡದು. 'ಬಂದ ನೋಡು ಅಲಸಂದೆ ಮುಕ್ಕೋನು!' ಅಂತ ಇವಳು, 'ನಮ್ಮ ಮನೆ ಆಳು ನೀನು, ಮೊದ್ಲು ನಂಗೆ ಬಡಿಸೇ!' ಅಂತ ಅವನು. ದಿನಾ ಇದೇ ಜಾತ್ರೆ.

ಬುಧವಾರ ನೀರಿನ ಲಾರಿಗಳ ಕಾವಲಿಗೆ ಹೋದ ಅವನ ಗಾಡಿ ಹೂತಿಟ್ಟ ಬಾಂಬಿನ ಮೇಲೆ ಹತ್ತಿತು. ಪೊದೆಗಳ ಮರೆಯಿಂದ ಗುಂಡುಗಳೂ ಹಾರಿದವು. ಬಿರಾನ್ ಉಳಿಯಲಿಲ್ಲ.

ಗೇಲಿ ನೆಂಟ ಸತ್ತರೆ ಹೆಣದೆದುರು ನಿಂತು ಬೈದು, ನಗಿಸಿ ಕಳಿಸಬೇಕು. ಆ ಹುಡುಗನಿಗೆ ಇಲ್ಲಿ ತನ್ನನ್ನು ಬಿಟ್ಟರೆ ಯಾರಿದ್ದಾರೆ? ಶವಪೆಟ್ಟಿಗೆ ವಿಮಾನಕ್ಕೆ ಹೊರಡುವ ಬೆಳಿಗ್ಗೆ ವಾಸ್ಸಾ ಒಲೆ ಹಚ್ಚಲಿಲ್ಲ, ತಲೆವಸ್ತ್ರ ಬಿಗಿದು ಹೊರಟಳು.

ಪಕ್ಕದ ಪಂಕ್ಚರ್ ಅಂಗಡಿಯ ಜುಮಾನಾ ತ್ರಾವೊರೆ ಓಡಿಬಂದ. ಇವನೂ ಗೇಲಿ ನೆಂಟನೇ, ಆದರೆ ಸಿಪಾಯಿಗಳ ಮೇಲೆ ದಾಳಿ ಮಾಡುವ ಬಂದೂಕಿನವರು ಸಂತೆಗೆ ಬಂದುಹೋದ ಮೇಲೆ ಅವನ ಬಾಯಿಗೆ ಬೀಗ ಬಿದ್ದಿತ್ತು.

'ಅಕ್ಕಾ, ತಲೆಗಿಲೆ ಕೆಟ್ಟಿದ್ಯಾ? ಸಿಪಾಯಿಗಳ ನೆಂಟರು ಅಂತ ಗೊತ್ತಾದ್ರೆ ಬಿಡಲ್ಲ ಅಂತ ಅವರು ಹೇಳಿ ಹೋಗಿಲ್ವಾ? ನೋಡೋ ಕಣ್ಣು ಬೇಕಾದಷ್ಟಿವೆ.'

'ನೋಡ್ಲಿ ಬಿಡೋ. ದಿಕ್ಕಿಲ್ಲದವನ ಹಾಗೆ ಹೋಗ್ಬೇಕೇನೋ ಅವನು?'

ಜುಮಾನಾ ಗೊಣಗುತ್ತ ಹಿಂದೆಯೇ ಬಂದ. ಪುಕ್ಕಲ, ದೂರುವಂತೆಯೂ ಇಲ್ಲ, ಮನೆ ತುಂಬ ಮಕ್ಕಳು.

ಪೆಟ್ಟಿಗೆ ಹೊತ್ತ ಲಾರಿ ಗೇಟಿನಲ್ಲಿ ನಿಂತಿತು. ವಾಸ್ಸಾ ಸೊಂಟಕ್ಕೆ ಕೈಯಿಟ್ಟು ಕೂಗಿದಳು: 'ಏಯ್ ಜೋಪ್! ಸೋಮಾರಿ! ಹೊತ್ತು ನೆತ್ತಿಗೇರಿದ್ರೂ ಮಲಗಿದ್ದೀಯಾ? ಅಲಸಂದೆ ಮುಕ್ಕಿ ಮುಕ್ಕಿ ನಡೆಯೋಕಾಗ್ದೆ ಹೊರಿಸ್ಕೊಂಡು ಹೋಗ್ತಿದ್ದೀಯಲ್ಲೋ, ನಾಚಿಕೆ ಆಗಲ್ವಾ?'

ಬೇರೆ ದೇಶದ ಕಾವಲುಗಾರನೊಬ್ಬ ಕೆಂಡವಾಗಿ ಅವಳತ್ತ ನುಗ್ಗಿದ. ಸೆನೆಗಲ್‌ನ ಸಿಪಾಯಿಯೊಬ್ಬ ಅವನ ತೋಳು ಹಿಡಿದು, 'ಬಿಡಪ್ಪಾ, ಅದು ಅವಳ ಹಕ್ಕು,' ಅಂದ. ಲಾರಿಯಲ್ಲಿದ್ದವರು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು.

ಬೈಗುಳಕ್ಕೆ ಉತ್ತರ ಬರಬೇಕು, ಅದು ವಾಡಿಕೆ. ಸತ್ತವನ ಪರವಾಗಿ ಅವನ ಮನೆತನದವರೇ, ಜೋಪ್ ಇಲ್ಲವೇ ತ್ರಾವೊರೆ, ಕೊಡಬೇಕು. ಲಾರಿಯಲ್ಲಿ ಇನ್ನೊಬ್ಬ ಜೋಪ್ ಇರಲಿಲ್ಲ. ವಾಸ್ಸಾ ಕಾದಳು. ರಸ್ತೆಯುದ್ದಕ್ಕೂ ಜನ, ಯಾರು ಯಾರ ಕಡೆಯವರೋ ದೇವರೇ ಬಲ್ಲ. ಅಯ್ಯೋ, ತನ್ನವರೆನ್ನುವವರೇ ಇಲ್ಲದೆ ಹೋಗ್ತಾನಲ್ಲ ಅಂತ ಅವಳು ಒಂದೊಂದೇ ಮುಖ ನೋಡಿದಳು.

'ಯಾರನ್ನೇ ಸೋಮಾರಿ ಅಂತೀಯಾ, ಜಾರಾ?'

ಜುಮಾನಾ ರಸ್ತೆಯ ನಡುವೆ ಬಂದು ನಿಂತಿದ್ದ. ದನಿ ಊರಿಗೆಲ್ಲ ಕೇಳುವಂತಿತ್ತು.

'ಸೋಮಾರಿ ನೀನು, ನಿಮ್ಮಪ್ಪ, ನಿಮ್ಮ ತಾತ! ಇವನು ನನ್ನ ತಮ್ಮ ಕಣೇ. ಎಲ್ಲರೂ ಕೇಳಿಸ್ಕೊಳ್ಳಿ, ಇವನು ನನ್ನ ತಮ್ಮ!'