ಜೋಪಾನಯ್ಯ ತನಗೆ ತಾನೇ ಬೆಲೆ ಕಟ್ಟಿದ್ದು

ಭೂಮಿಯ ಮೇಲೆ ಇದುವರೆಗೆ ಹುಟ್ಟಿದ ಎಚ್ಚರದ ಮನುಷ್ಯರನ್ನೆಲ್ಲ ಸಾಲಾಗಿ ನಿಲ್ಲಿಸಿದರೆ, ಮೊದಲ ಜಾಗ ಜೋಪಾನಯ್ಯನಿಗೇ ಸಲ್ಲಬೇಕು. ಆದರೆ ಅವನು ಅಲ್ಲಿ ನಿಲ್ಲುವವನಲ್ಲ; ಮೊದಲಿಗೆ ನಿಂತವನ ಮೇಲೆ ಏನಾದರೂ ಬಿದ್ದೀತೆಂದು ಮೆಲ್ಲಗೆ ಮೂರನೆಯವನಾಗಿ ಹೋಗಿ ನಿಲ್ಲುತ್ತಾನೆ. ಹುಟ್ಟುವಾಗಲೂ ಹಾಗೆಯೇ ಮಾಡಿದನಂತೆ. ತಲೆಯಷ್ಟನ್ನೇ ಹೊರಗೆ ಹಾಕಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಗಾಡಿಗೀಡಿ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಪೂರ್ತಿ ಈಚೆಗೆ ಬಂದನೆಂದು ಸೂಲಗಿತ್ತಿ ಸಾಯುವವರೆಗೂ ಹೇಳಿಕೊಂಡು ತಿರುಗಿದಳು. ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಯಾವ ಮಾತನ್ನೇ ಆಡಲಿ, ಕೊನೆಗೊಂದು "ಜೋಪಾನ" ಸೇರಿಸುತ್ತಿದ್ದುದರಿಂದ ಆಫೀಸಿಗೆಲ್ಲ ಅವನು ಜೋಪಾನಯ್ಯ.

ಕೆಲಸ, ಸಾಲ ಕೊಡುವ ಒಂದು ಕಂಪನಿಯಲ್ಲಿ ರಿಸ್ಕ್ ಅನಲಿಸ್ಟ್. ಸಾಲ ಬೇಡಿ ಬಂದವರ ಕಡತ ನೋಡಿ, ಕೊಟ್ಟ ದುಡ್ಡು ಮರಳಿ ಬರುತ್ತದೋ ಇಲ್ಲವೋ ಹೇಳಬೇಕು. ಅದರಲ್ಲೂ ಅವನು ನಡುಮಟ್ಟದವನು. ನಡುಮಟ್ಟದವನು ಎಂದರೆ ಕೆಳಗಿನವರ ತಪ್ಪಿಗೂ ಮೇಲಿನವರ ತಪ್ಪಿಗೂ ಒಬ್ಬನೇ ನಿಂತು ಬೈಸಿಕೊಳ್ಳುವವನು ಎಂದರ್ಥ. ಆ ಕುರ್ಚಿಯಲ್ಲಿ ಒಂಬತ್ತು ವರ್ಷ ಕೂತು ಅವನೊಂದು ವಿದ್ಯೆಯನ್ನು ಸಿದ್ಧಿಸಿಕೊಂಡಿದ್ದ. ಮೇಜಿನ ಮೇಲೆ ಯಾವ ಅಂಕಿ ಬಂದು ಕೂತರೂ ಅದಕ್ಕೆ ಕತ್ತರಿ ಹಾಕುವುದು. ಬೇಕರಿಯವನು ದಿನಕ್ಕೆ ಸಾವಿರ ಬನ್ನು ಮಾರುತ್ತೇನೆ ಎಂದರೆ, ಮಳೆ ಬಂದೀತೆಂದು ಇವನು ನೂರು ಕಳೆಯುವನು. ಒಲೆ ಕೆಟ್ಟೀತೆಂದು ಇನ್ನೂರು ಕಳೆಯುವನು. ಉಳಿದದ್ದರಲ್ಲಿ ಬೇಕರಿಯವನೇ ಒಂದಷ್ಟು ತಿಂದಾನೆಂದು ಮತ್ತೆ ನೂರು ಕಳೆದು ಆರುನೂರಕ್ಕೆ ತಂದು ನಿಲ್ಲಿಸುವನು. ಅವನ ಕತ್ತರಿ ದಾಟಿ ಹೋದ ಸಾಲ ಮರಳಿ ಬಾರದೆ ಇದ್ದದ್ದೇ ಇಲ್ಲ. ಕೆಲವು ಸಾಲಗಳಂತೂ ಅವನ ಮುಖ ನೆನೆದು ನಾಚಿ, ಗಡುವಿಗೆ ಮೊದಲೇ ಬಂದುಬಿಡುತ್ತಿದ್ದವು.

ಇಂಥ ಮಹಾಪುರುಷ ವಾಸವಿದ್ದದ್ದು ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಮನೆಯಲ್ಲಿ ಹೆಂಡತಿ ಮತ್ತು ಅತ್ತೆ. ಹೆಂಡತಿಗೆ ನೀರು ಸರಬರಾಜಿನ ಕಚೇರಿಯಲ್ಲಿ ಫೋನಿನಲ್ಲಿ ದೂರು ಕೇಳುವ ಕೆಲಸ. ಬೆಳಗಿನಿಂದ ಸಂಜೆವರೆಗೆ ಇಡೀ ಊರು ಕಿವಿಗೆ ಉಗಿಯುತ್ತಿದ್ದುದರಿಂದ, ಅವಳನ್ನು ಹೆದರಿಸಬಲ್ಲ ಜೀವ ಇನ್ನೂ ಹುಟ್ಟಿರಲಿಲ್ಲ. ಅತ್ತೆ ಒಂದು ಕಾಲದಲ್ಲಿ ನಾಟಕ ಕಂಪನಿಗೆ ಉಡುಪು ಹೊಲಿಯುತ್ತಿದ್ದವರು. ತಾವು ಹೊಲಿದ ಅಂಗಿ ತೊಟ್ಟ ಮೇಲೆಯೇ ರಾಜರ ಪಾತ್ರದವರಿಗೆ ರಾಜಕಳೆ ಬರುತ್ತಿತ್ತು, ಅದಕ್ಕೆ ಮುಂಚೆ ಅವರೆಲ್ಲ ಗುಮಾಸ್ತರಂತೆ ಕಾಣುತ್ತಿದ್ದರು ಎಂದು ಅವರ ವಾದ. ಈಗ ಮಂಡಿ ಕೈಕೊಟ್ಟಿತ್ತು. ಎರಡನೇ ಮಹಡಿಯ ತಿರುವಿನಲ್ಲಿ ಅವರಿಗಾಗಿ ಒಂದು ಸ್ಟೂಲು ಇಟ್ಟಿದ್ದರು. ಮೆಟ್ಟಿಲು ಹತ್ತುವಾಗ ಅದರ ಮೇಲೆ ಕೂತು, ಮಂಡಿ ತಿಕ್ಕಿಕೊಂಡು, ಕಟ್ಟಡ ಕಟ್ಟಿದ ಎಂಜಿನಿಯರಿನ ವಂಶವನ್ನು ಒಂದು ಸುತ್ತು ಬೈದು ಆಮೇಲೆ ಮುಂದಕ್ಕೆ. ಒಮ್ಮೆ ಹತ್ತಿ ಮನೆ ಸೇರಿದರೆ ಮತ್ತೆ ಇಳಿಯುವುದು ವಾರಕ್ಕೊಮ್ಮೆಯೂ ಇಲ್ಲವೆಂಬಂತಾಗಿ, ಕಿಟಕಿಯಿಂದ ಬೀದಿ ನೋಡುತ್ತಾ ಕೂರುವುದು ಅಭ್ಯಾಸವಾಗಿತ್ತು. ಇಡೀ ಬೀದಿಗೆ ಕೇಳುವಂತೆ ಬೈಯುವ ಬಾಯಿ ಹಾಗೆ ಸುಮ್ಮನಾಗಿದ್ದು ಜೋಪಾನಯ್ಯನಿಗೆ ಎಲ್ಲಕ್ಕಿಂತ ದೊಡ್ಡ ಅಪಾಯದ ಸೂಚನೆಯಾಗಿ ಕಂಡಿತು.

ಅಷ್ಟರಲ್ಲಿ ಅದೇ ಕಟ್ಟಡದ ನೆಲಮಹಡಿಯ ಮನೆ ಖಾಲಿಯಾಯಿತು. ಮುಂದೆ ಒಂದು ಜಗಲಿ, ಹಿಂದೆ ಬಟ್ಟೆ ಒಣಗಿಸುವಷ್ಟು ಅಂಗಳ. ಬಾಡಿಗೆ ಮಾತ್ರ ಕೇಳಿದರೆ ಮಂಡಿ ಗಟ್ಟಿಯಿದ್ದವರೂ ಕೂತುಬಿಡಬೇಕು. ಜೋಪಾನಯ್ಯ ಮನೆಯಲ್ಲಿ ದುಡ್ಡಿನ ಮಾತಾಡುವಾಗ ತನ್ನ ಈಗಿನ ಸಂಬಳವನ್ನು ನೂರು ಎಂದಿಟ್ಟುಕೊಂಡೇ ಮಾತಾಡುತ್ತಿದ್ದ. ಗೋಡೆಗೂ ಕಿವಿ ಇರಬಹುದೆಂಬ ಎಚ್ಚರ; ಈ ಕಥೆಯಲ್ಲೂ ಅವನ ಸಮಾಧಾನಕ್ಕೆ ಎಲ್ಲರ ಬಾಯಲ್ಲೂ ಅದೇ ಲೆಕ್ಕ. ಆ ಲೆಕ್ಕದಲ್ಲಿ ನೆಲಮಹಡಿಗೆ ಇಳಿಯಬೇಕೆಂದರೆ ಸಂಬಳ ನೂರಿಪ್ಪತ್ತಾಗಬೇಕಿತ್ತು. ಇರುವ ಕಂಪನಿಯಲ್ಲಿ ಕೇಳಿದರೆ, ಮುಂದಿನ ವರ್ಷ ನೋಡೋಣ ಎಂದರು. ಅವರು ಆ ಮಾತನ್ನು ಹೋದ ವರ್ಷವೂ ಹೇಳಿದ್ದರು, ಅದರ ಹಿಂದಿನ ವರ್ಷವೂ ಹೇಳಿದ್ದರು.

ಆಫೀಸಿನ ಎದುರಿನ ಕಟ್ಟಡದಲ್ಲಿ ಇನ್ನೊಂದು ಸಾಲದ ಕಂಪನಿ ಇತ್ತು. ಜೋಪಾನಯ್ಯನ ಮೇಜಿನ ಪಕ್ಕದ ಕಿಟಕಿಯಿಂದ ಅವರ ಕ್ಯಾಂಟೀನು ಕಾಣುತ್ತಿತ್ತು. ಅಲ್ಲಿಯವರು ಚಹಾ ಕುಡಿಯುವಾಗ ನಗುತ್ತಿದ್ದುದೂ ಕಾಣುತ್ತಿತ್ತು. ಅಲ್ಲಿ ಒಬ್ಬ ನಡುಮಟ್ಟದ ರಿಸ್ಕ್ ಅನಲಿಸ್ಟ್ ಬೇಕಾಗಿದ್ದಾನೆಂದು ತಿಳಿದು ಅರ್ಜಿ ಹಾಕಿದ. ಸಂದರ್ಶನಕ್ಕೆ ಕರೆ ಬಂತು. ಮನೆಯ ಮಾಲೀಕ ಸಂದರ್ಶನದ ದಿನ ಸಂಜೆವರೆಗೆ ಮಾತ್ರ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಟ್ಟುಬಿಡುತ್ತೇನೆ ಎಂದ.

ಎಷ್ಟು ಕೇಳಬೇಕು? ಇವನಷ್ಟು ಅನುಭವದವರಿಗೆ ಎದುರಿನ ಕಂಪನಿ ಸುಮಾರು ನೂರಮೂವತ್ತು ಕೊಡುತ್ತದೆಂದು ಅಲ್ಲಿಯ ಪರಿಚಯದವರೊಬ್ಬರು ಹೇಳಿದ್ದರು. ಅಂಕಿ ಕಿವಿಗೆ ಬಿದ್ದದ್ದೇ ತಡ, ಕತ್ತರಿ ತಾನಾಗಿಯೇ ಬಾಯಿ ತೆರೆಯಿತು. ಹೇಳಿದವರು ಸ್ವಲ್ಪ ಉಬ್ಬಿಸಿ ಹೇಳಿರಬಹುದು, ನೂರಿಪ್ಪತ್ತೈದು ಇರಲಿ. ಈ ವರ್ಷ ವ್ಯಾಪಾರ ಮಂದ ಇದ್ದೀತು, ನೂರಿಪ್ಪತ್ತು. ತನಗಿಂತ ಕಿರಿಯನೊಬ್ಬ ಕಡಿಮೆಗೆ ಒಪ್ಪಿಕೊಂಡಾನು, ನೂರಹದಿನೈದು. ಕತ್ತರಿಯ ಸದ್ದು ಅಡುಗೆಮನೆಗೇ ಕೇಳಿಸಿತೋ ಏನೋ, ಹೆಂಡತಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ರೀ, ನೂರಿಪ್ಪತ್ತಕ್ಕಿಂತ ಕೆಳಗೆ ಬಾಯಿ ಬಿಟ್ರೆ ಮನೆಗೆ ಬರ್ಬೇಡಿ. ಬರೋದೇ ಆದ್ರೆ ಇನ್ಮೇಲೆ ನಮ್ಮಮ್ಮನ್ನ ನೀವೇ ಹೊತ್ಕೊಂಡು ಹತ್ತಿ, ಇಳೀರಿ."

"ಹೊತ್ಕೊಳ್ಳೋಕೆ ಇವರ ಬೆನ್ನಿಗೆ ಯಾರು ಜಾಮೀನು ಕೊಡ್ತಾರೆ?" ಎಂದು ಅತ್ತೆ ಕಿಟಕಿಯಿಂದ ತಿರುಗದೆಯೇ ಕೇಳಿದರು. ಆಮೇಲೆ ಸ್ವಲ್ಪ ಮೆತ್ತಗೆ, "ಅಳಿಯಂದ್ರೇ, ನಾನು ಬಟ್ಟೆ ಕತ್ತರಿಸುವಾಗ ಒಳಗೆ ಎರಡು ಬೆರಳು ಜಾಸ್ತಿ ಬಿಟ್ಟೇ ಕತ್ತರಿಸ್ತಿದ್ದೆ. ನೀವೂ ಹಾಗೇ ಬಿಟ್ಟು ಕೇಳಿ," ಎಂದರು.

ಜೋಪಾನಯ್ಯ ತಲೆಯಾಡಿಸಿದ. ಮರುದಿನ ಇದ್ದುದರಲ್ಲೇ ಒಳ್ಳೆಯ ಅಂಗಿ ತೊಟ್ಟು ಹೊರಟ. ಆಫೀಸಿನಿಂದ ಎದುರಿನ ಕಟ್ಟಡ ಎಂದರೆ ಬೇರೆಯವರಿಗೆ ರಸ್ತೆ ದಾಟುವಷ್ಟು ದೂರ. ಇವನು ಮಾತ್ರ ಮೇಲಿನ ಸಿಗ್ನಲ್ಲಿನವರೆಗೆ ನಡೆದು, ದೀಪ ಎರಡು ಸಲ ಹಸಿರಾಗುವುದನ್ನು ಪರೀಕ್ಷಿಸಿ, ಮೂರನೆಯ ಸಲ ದಾಟಿ, ಆಚೆ ಬದಿಯಲ್ಲಿ ಅಷ್ಟೇ ದೂರ ವಾಪಸು ನಡೆದು ಬರಬೇಕು. ಆ ನಡಿಗೆಯೇ ಮುಳುವಾಯಿತು. ದಾರಿಯುದ್ದಕ್ಕೂ ಕತ್ತರಿ ಸುಮ್ಮನಿರಲಿಲ್ಲ. ಸಿಗ್ನಲ್ಲಿನ ಬಳಿ ನೂರಹನ್ನೆರಡು. ಲಿಫ್ಟಿನ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡ ಮೇಲೆ ನೂರೆಂಟು.

ಒಳಗೆ ಕೂತಿದ್ದವರು ಆ ಕಂಪನಿಯ ರಿಸ್ಕ್ ವಿಭಾಗದ ಮುಖ್ಯಸ್ಥೆ. ಅವರ ಖ್ಯಾತಿ ಏಳು ಬೀದಿ ದಾಟಿತ್ತು. ಸಾಲ ಕೇಳಲು ಬಂದವನು ಬಾಗಿಲು ತಳ್ಳುವ ರೀತಿ ನೋಡಿಯೇ ಅವನ ಅಂಗಡಿಯಲ್ಲಿ ಎಷ್ಟು ಮಾಲು ಕೊಳೆಯುತ್ತಿದೆ ಎಂದು ಹೇಳಿಬಿಡುತ್ತಾರಂತೆ. ಕೆಲಸದ ಪ್ರಶ್ನೆಗಳನ್ನು ಅವರು ಒಂದೊಂದಾಗಿ ಕೇಳಿದರು, ಜೋಪಾನಯ್ಯ ಸೊಗಸಾಗಿಯೇ ಉತ್ತರಿಸಿದ. ಹಣ್ಣು ಕೆಡದಂತೆ ಇಡುವ ಶೀತಲಗೃಹದ ಧಣಿಯೊಬ್ಬನಿಗೆ ಭಾರಿ ಸಾಲ ಹೋಗುವುದನ್ನು ಜೋಪಾನಯ್ಯನ ಕಂಪನಿ ತಡೆದ ಸುದ್ದಿ ಮುಖ್ಯಸ್ಥೆಯವರೆಗೂ ಬಂದಿತ್ತು. ಹೇಗೆ ತಡೆದಿರಿ ಎಂದಾಗ, "ನಮ್ಮ ತಂಡದವ್ರೆಲ್ಲ ಸೇರಿ ನೋಡಿದ್ವಿ ಮೇಡಂ, ಜೋಪಾನವಾಗಿ," ಎಂದು ಅಲ್ಲಿಗೇ ನಿಲ್ಲಿಸಿದ. ಎಲ್ಲ ಮುಗಿದ ಮೇಲೆ ಅವರು, ಸಂಬಳ ಎಷ್ಟು ನಿರೀಕ್ಷೆ ಮಾಡ್ತೀರಿ ಎಂದರು.

ಜೋಪಾನಯ್ಯನ ಕಣ್ಣ ಮುಂದೆ ಸೌಟು ಬಂತು, ಸ್ಟೂಲು ಬಂತು, ಕಿಟಕಿಯ ಬಳಿಯ ಬೆನ್ನು ಬಂತು. ಬಾಯಿಂದ ಬಂದದ್ದು ಮಾತ್ರ ನೂರೆಂಟು.

ಮುಖ್ಯಸ್ಥೆ ಪೆನ್ನಿನ ಮುಚ್ಚಳ ಹಾಕಿದರು. ಗಡಿಯಾರವೂ ಒಂದು ಗಳಿಗೆ ನಿಂತು ಅವರ ಮುಖ ನೋಡಿತು.

"ಒಬ್ಬ ಅಂಗಡಿಯವನು ಬರ್ತಾನೆ ಅಂದ್ಕೊಳ್ಳಿ. ಮಾಲು ಒಳ್ಳೇದು. ಆದ್ರೆ ಪೇಟೆಯವರೆಲ್ಲ ಮಾರೋದಕ್ಕಿಂತ ತೀರಾ ಕಡಿಮೆಗೆ ಮಾರ್ತಾನೆ. ಸಾಲ ಕೊಡ್ತೀರಾ?"

"ಸಾಧ್ಯವೇ ಇಲ್ಲ ಮೇಡಂ. ಒಂದೋ ಅವನಿಗೆ ಲೆಕ್ಕ ಬರಲ್ಲ, ಇಲ್ಲಾ ಏನೋ ಮುಚ್ಚಿಡ್ತಿದಾನೆ. ಜೋಪಾನವಾಗಿರ್ಬೇಕು," ಎಂದು ಇವನು ಥಟ್ಟನೆ ಹೇಳಿದ.

"ಇವೆರಡರಲ್ಲಿ ನೀವು ಯಾವುದು?"

ತಾನೇ ನೇಯ್ದ ಬಲೆಯೊಳಗೆ ಇಷ್ಟು ಅಚ್ಚುಕಟ್ಟಾಗಿ ನಡೆದುಹೋಗಿ ಕೂತ ಮನುಷ್ಯ ಪ್ರಪಂಚದ ಇತಿಹಾಸದಲ್ಲೇ ಇನ್ನೊಬ್ಬನಿಲ್ಲ. ಮುಖ್ಯಸ್ಥೆ ನಗಲಿಲ್ಲ, ಗದರಲೂ ಇಲ್ಲ. ಒಂದು ಬಿಳಿ ಹಾಳೆಯನ್ನು ಮುಂದೆ ತಳ್ಳಿದರು. ಅಭ್ಯರ್ಥಿಯೊಬ್ಬ ಬಂದಿದ್ದಾನೆ, ಒಂಬತ್ತು ವರ್ಷದ ಅನುಭವ, ನೂರೆಂಟು ಕೇಳುತ್ತಿದ್ದಾನೆ. ಅವನನ್ನು ತೆಗೆದುಕೊಳ್ಳುವುದರಲ್ಲಿ ಅಪಾಯವೇನು, ಯಾವ ಬೆಲೆಗೆ ತೆಗೆದುಕೊಂಡರೆ ಕ್ಷೇಮ, ಬರೆದಿಡಿ, ನಾನು ಒಂದು ಚಹಾ ಕುಡಿದು ಬರುತ್ತೇನೆ ಎಂದು ಎದ್ದು ಹೋದರು.

ಕೈಗೆ ಕಡತ ಸಿಕ್ಕಿತೆಂದರೆ ಜೋಪಾನಯ್ಯ ಬೇರೆಯೇ ಪ್ರಾಣಿ. ರಸ್ತೆ ದಾಟಲು ಅಂಜುವವನು ಹಾಳೆಯ ಮೇಲೆ ಹುಲಿ. ಎರಡು ಸಾಲು ಬರೆಯುವಷ್ಟರಲ್ಲಿ ಆ ಅಭ್ಯರ್ಥಿ ಯಾರೆಂಬುದೇ ಅವನಿಗೆ ಮರೆತುಹೋಯಿತು. ಆಸಾಮಿ ಪೇಟೆಯ ದರಕ್ಕಿಂತ ತೀರಾ ಕೆಳಗೆ ಕೇಳಿದ್ದಾನೆ. ಈ ಬೆಲೆಗೆ ಬಂದರೆ ಮೊದಲ ತಿಂಗಳು ಖುಷಿ, ಎರಡನೇ ತಿಂಗಳು ಪಕ್ಕದ ಮೇಜಿನವನ ಸಂಬಳ ತಿಳಿದು ಹೊಟ್ಟೆಯುರಿ, ಮೂರನೇ ತಿಂಗಳಿಂದ ಊಟದ ಹೊತ್ತಿನಲ್ಲಿ ಬೇರೆ ಕೆಲಸ ಹುಡುಕುವುದು. ಮನೆಯಲ್ಲಿ ಮಾತಿನ ಪೆಟ್ಟು ಬೀಳುವುದರಿಂದ ಗಮನ ಕೆಡುವ ಸಂಭವವೂ ಇದೆ. ಬಿಟ್ಟುಹೋಗುವ ಅಪಾಯ: ಹೆಚ್ಚು. ಹೀಗೆ ಅಭ್ಯರ್ಥಿಯನ್ನು ನಿರ್ದಾಕ್ಷಿಣ್ಯವಾಗಿ ಜಾಲಾಡುತ್ತಾ ಹೋದವನು ಶೀತಲಗೃಹದ ವಿಷಯ ಬಂದಾಗ ಕೆರಳಿಯೇಬಿಟ್ಟ. ಅಭ್ಯರ್ಥಿ ಇಲ್ಲಿ ಪೂರ್ತಿ ಮಾಹಿತಿ ಕೊಟ್ಟಿಲ್ಲ ಎಂದು ಬರೆದು ಕೆಳಗೆ ಗೆರೆ ಎಳೆದ. ತಂಡ ನೋಡಿದ್ದು ಕಾಗದಗಳನ್ನು. ಕಾಗದಗಳೆಲ್ಲ ಸರಿಯಾಗಿಯೇ ಇದ್ದವು. ಖುದ್ದಾಗಿ ಅಲ್ಲಿಗೆ ಹೋಗಿ, ಹಿಂಬದಿಯ ಗೋಡೆಯ ವಿದ್ಯುತ್ ಮೀಟರಿನ ಮುಂದೆ ನಿಂತು, ಅದು ತಿರುಗುತ್ತಲೇ ಇಲ್ಲ, ಅಂದರೆ ಒಳಗೆ ಹಣ್ಣೂ ಇಲ್ಲ ತಂಪೂ ಇಲ್ಲ ಎಂದು ಕಂಡುಕೊಂಡವನು ಈ ಅಭ್ಯರ್ಥಿ ಒಬ್ಬನೇ. ಇಷ್ಟು ದೊಡ್ಡ ಆಸ್ತಿಯನ್ನು ಮುಚ್ಚಿಟ್ಟಿರುವುದು ಗಂಭೀರ ಲೋಪ. ಶಿಫಾರಸು: ನೂರಿಪ್ಪತ್ತೆಂಟಕ್ಕಿಂತ ಕಡಿಮೆಗೆ ಈತನನ್ನು ತೆಗೆದುಕೊಳ್ಳುವುದು ಕಂಪನಿಗೆ ಕ್ಷೇಮವಲ್ಲ.

ಅಭ್ಯಾಸಬಲದಿಂದ ಕೆಳಗೆ ತನ್ನ ಸಹಿಯನ್ನೂ ಹಾಕಿದ. ಆ ಸಹಿ ನೋಡಿದಾಗಲೇ ಅವನಿಗೆ ಎಚ್ಚರವಾದದ್ದು. ಅಷ್ಟರಲ್ಲಿ ಮುಖ್ಯಸ್ಥೆ ಬಂದು ಹಾಳೆ ಎತ್ತಿಕೊಂಡಾಗಿತ್ತು. ನಿಧಾನವಾಗಿ ಓದಿದರು. ಮೀಟರಿನ ಹತ್ತಿರ ಬಂದಾಗ ಕನ್ನಡಕ ಮೇಲೆತ್ತಿ ಇವನನ್ನು ನೋಡಿ, ಮತ್ತೆ ಓದಿದರು.

"ವರದಿ ಚೆನ್ನಾಗಿದೆ. ನೂರಿಪ್ಪತ್ತೆಂಟು. ನಾನು ಒಪ್ಪಿದೀನಿ. ಅಭ್ಯರ್ಥಿ ಏನಂತಾರೆ?"

ಕತ್ತರಿ ಗಂಟಲವರೆಗೆ ಬಂತು. ಸ್ವಲ್ಪ ಜಾಸ್ತಿಯಾಯಿತೇನೋ ಮೇಡಂ, ಎಂಬ ಮಾತು ನಾಲಿಗೆಯ ತುದಿಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಿತ್ತು. ಜೋಪಾನಯ್ಯ ಗಬಕ್ಕನೆ ನಾಲಿಗೆ ಕಚ್ಚಿಕೊಂಡ. ಕಣ್ಣಲ್ಲಿ ನೀರು ಬರುವಷ್ಟು ಕಚ್ಚಿಕೊಂಡು, "ಒಪ್ಪಿದೆ," ಎಂದ. ಜನ್ಮದಲ್ಲಿ ಮೊದಲ ಸಲ ಅವನ ಮಾತಿನ ಕೊನೆಗೆ ಜೋಪಾನ ಇರಲಿಲ್ಲ.

ಸಂಜೆ ಕಟ್ಟಡದ ಮೆಟ್ಟಿಲು ಹತ್ತುವಾಗ ಅವನ ಕಾಲು ನೆಲಕ್ಕೆ ತಾಗಲಿಲ್ಲ ಎಂದು ಎರಡನೇ ಮಹಡಿಯವರು ಇಂದಿಗೂ ಆಣೆ ಮಾಡುತ್ತಾರೆ. ಆದರೆ ತಿರುವಿನ ಸ್ಟೂಲು ಕಂಡ ಕೂಡಲೇ ಹಳೆಯ ಬುದ್ಧಿ ತಲೆಯೆತ್ತಿತು. ನೇಮಕದ ಕಾಗದ ಇನ್ನೂ ಕೈಗೆ ಬಂದಿಲ್ಲ, ತೆರಿಗೆ ಹೋಗಬೇಕು, ಯಾವುದಕ್ಕೂ ಇರಲಿ. ಮನೆಯೊಳಗೆ ಕಾಲಿಟ್ಟವನು, ಕೆಲಸ ಸಿಕ್ಕಿತು, ಸಂಬಳ ಒಂದು ನೂರಹದಿನೈದು ಎಂದಿಟ್ಟುಕೊಳ್ಳೋಣ ಎಂದ.

ಹೆಂಡತಿಯ ಮುಖ ಬಾಡಿತು. ಮಾಲೀಕನಿಗೆ ಇಲ್ಲವೆಂದು ಹೇಳಲು ಫೋನು ಎತ್ತಿಕೊಂಡಳು. ಅತ್ತೆ ಕೈ ಅಡ್ಡ ಹಿಡಿದರು.

"ಇರು ಮಗಳೇ, ಅದು ಕತ್ತರಿ ಹಾಕಿದ್ಮೇಲೆ ಉಳಿದಿದ್ದು. ಅಳಿಯಂದ್ರೇ, ಕತ್ತರಿಸೋಕೆ ಮುಂಚೆ ಥಾನಿನಲ್ಲಿ ಬಟ್ಟೆ ಇರೋದು ಎಷ್ಟು?"

ಜೋಪಾನಯ್ಯ ಬೂಟು ಬಿಚ್ಚುವ ನೆಪದಲ್ಲಿ ಬಗ್ಗಿ, "ನೂರಿಪ್ಪತ್ತೆಂಟು," ಎಂದು ಬೂಟಿಗೆ ಹೇಳಿದ.

ಹೆಂಡತಿ ಕೂಗಿದ ಕೂಗಿಗೆ ಊರಿನ ನಲ್ಲಿಗಳೆಲ್ಲ ತಾವಾಗಿಯೇ ನೀರು ಬಿಟ್ಟವು. ಮಾಲೀಕನಿಗೆ ಫೋನು ಹೋಯಿತು. ಹೋದದ್ದು ಬೇರೆ ಸುದ್ದಿಯೊಡನೆ. ಆ ಗದ್ದಲ ಇಳಿದ ಮೇಲೆ ಜೋಪಾನಯ್ಯನ ಕಣ್ಣು ಅತ್ತೆಯ ಹಳೆಯ ಹೊಲಿಗೆ ಯಂತ್ರದ ಕಡೆ ಹೋಯಿತು. ಅದರ ಮುಸುಕು ತೆಗೆದಿತ್ತು. ಪಕ್ಕದಲ್ಲಿ ಹಸಿರು ಬಟ್ಟೆಯ ಪರದೆಗಳನ್ನು ಮಡಿಸಿಟ್ಟಿತ್ತು. ಬೆಳಿಗ್ಗೆ ಇವನು ಅತ್ತ ಹೊರಟ ಮೇಲೆ ಅತ್ತೆ ಗೋಡೆ ಹಿಡಿದುಕೊಂಡು, ಸ್ಟೂಲಿನ ಮೇಲೆ ಕೂತು ಎದ್ದು, ನಾಲ್ಕು ಮಹಡಿ ಇಳಿದು, ನೆಲಮಹಡಿಯ ಕಿಟಕಿಗಳ ಅಳತೆ ತೆಗೆದುಕೊಂಡು ಬಂದಿದ್ದರು. ಹತ್ತಿ ಬರುವಾಗ ಎಂಜಿನಿಯರನ್ನು ಬೈಯಲಿಲ್ಲವಂತೆ, ಕೊನೆಯ ಸಲ ಪಾಪ ಎಂದು ಬಿಟ್ಟರಂತೆ.

ಜೋಪಾನಯ್ಯ ಬೆರಗಾಗಿ, ಮನೆ ಸಿಗದೆ ಹೋಗಿದ್ದರೆ ಇಷ್ಟು ಬಟ್ಟೆ ದಂಡವಾಗುತ್ತಿತ್ತಲ್ಲ ಎಂದು ಕೇಳಿದ.

ಅತ್ತೆ ಪರದೆಯ ಅಂಚನ್ನು ಮಗುಚಿ ತೋರಿಸಿದರು. ಒಳಗೆ ಒಂದು ಗೇಣು ಬಟ್ಟೆ ಮಡಿಸಿ ಸಡಿಲವಾಗಿ ಹೊಲಿದಿತ್ತು.

"ಸಿಗದಿದ್ರೆ ಇದನ್ನ ಬಿಚ್ಚಿ ಉದ್ದ ಮಾಡಿ ಈ ದೊಡ್ಡ ಕಿಟಕಿಗೇ ಹಾಕ್ತಿದ್ದೆ. ನಿಮ್ಮನ್ನ ನಂಬಿ ಅಳತೆ ತೆಗೆದೆ, ನಿಮ್ಮ ಕತ್ತರೀನ ನೆನೆಸ್ಕೊಂಡು ಅಂಚು ಬಿಟ್ಟೆ."

ಒಂಬತ್ತು ವರ್ಷದಲ್ಲಿ ಅವನು ನೋಡಿದ ಕಡತಗಳಲ್ಲಿ ಇಷ್ಟು ಬಿಗಿಯಾದ ಏರ್ಪಾಡು ಒಂದೂ ಇರಲಿಲ್ಲ. ಜೋಪಾನಯ್ಯ ಪರದೆಗಳನ್ನು ಎರಡೂ ತೋಳಿನಲ್ಲಿ ತುಂಬಿಕೊಂಡು, ಕಿಟಕಿಗೆ ಹಿಡಿದು ನೋಡಿಬರುತ್ತೇನೆಂದು ಮೆಟ್ಟಿಲು ಇಳಿಯತೊಡಗಿದ. ಹಸಿರು ಬಟ್ಟೆಯ ರಾಶಿಯ ಹಿಂದೆ ಅವನಿಗೆ ಮುಂದಿನ ಮೆಟ್ಟಿಲು ಕಾಣುತ್ತಿರಲಿಲ್ಲ. ಕಾಣದಿದ್ದರೂ ಇಳಿಯುತ್ತಲೇ ಇದ್ದ. ಮೇಲಿನಿಂದ ಅತ್ತೆ, ಬಹಳ ದಿನಗಳ ಮೇಲೆ ಇಡೀ ಬೀದಿಗೆ ಕೇಳುವಂಥ ದನಿಯಲ್ಲಿ ಕೂಗಿ ಹೇಳಿದರು:

"ಅಳಿಯಂದ್ರೇ, ಎರಡನೇ ಮಹಡೀಲಿ ಸ್ಟೂಲಿದೆ. ಜೋಪಾನ."